ಗಿಡ ನೆಟ್ಟರೆ ಬೋರ್‌ವೆಲ್ ತುಂಬುತ್ತದೆಯೇ?

ಪ್ರಶ್ನೆ: ನಮ್ಮದು ಬೆಂಗಳೂರು. ಬೀದಿಯವರೆಲ್ಲ ಸೇರಿ ಸಾಲುಗಿಡ ನೆಟ್ಟರೆ ಬತ್ತಿದ ಬೋರ್‌ವೆಲ್‌ಗೆ ನೀರು ಬರುತ್ತದೆಯೇ?

ಉತ್ತರ: ಬರೀ ಗಿಡದಿಂದ ಬರುವುದಿಲ್ಲ. ಮರವೂ ನೀರು ಕುಡಿಯುತ್ತದೆ. ಬೇರು ಹೀರಿದ್ದರಲ್ಲಿ ಬಹುಪಾಲು ಎಲೆಯಿಂದ ಆವಿಯಾಗಿ ಹೋಗುತ್ತದೆ. ಮರದ ಉಪಕಾರ ಬೇರೆ ಬಗೆಯದು. ಬೇರು ಮಣ್ಣನ್ನು ಸಡಿಲಗೊಳಿಸುತ್ತದೆ, ತರಗೆಲೆ ಮಳೆಯ ಓಟಕ್ಕೆ ತಡೆಯೊಡ್ಡುತ್ತದೆ, ನೀರು ಇಂಗುತ್ತದೆ. ಆದರೆ ನಮ್ಮ ಫುಟ್‌ಪಾತ್‌ಗಳಲ್ಲಿ ಹೊಂಗೆಯ ಕಾಂಡಕ್ಕೇ ಅಂಟಿಕೊಂಡಂತೆ ಕಾಂಕ್ರೀಟ್ ಸುರಿದಿರುತ್ತಾರೆ. ಇಂಗುವುದೆಲ್ಲಿಂದ ಬಂತು?

ಹಾಗಾಗಿ ಹೊಸ ಸಸಿಗಿಂತ ಮುಂಚೆ ಇರುವ ಮರಗಳ ಬುಡದ ಕಾಂಕ್ರೀಟ್ ಬಿಡಿಸಿ. ಜೊತೆಗೆ ಮಳೆನೀರನ್ನು ನೆಲಕ್ಕಿಳಿಸುವ ಇಂಗುಬಾವಿಯೊಂದನ್ನು ತೋಡಿಸಿ: ಮೂರಡಿ ಅಗಲ, ಇಪ್ಪತ್ತಡಿ ಆಳ, ಸುತ್ತ ಸಿಮೆಂಟ್ ರಿಂಗು, ತಳ ಮಾತ್ರ ಬರೀ ಮಣ್ಣು. ಈ ಕೆಲಸದಲ್ಲಿ, ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರ ಕೈ ಪಳಗಿದೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳೆತ್ತಿದವರೂ ಅವರೇ. 30x40 ಅಡಿ ಅಳತೆಯ ತಾರಸಿಯೊಂದರ ಮೇಲೆ ಇಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಮಳೆ ಬೀಳುತ್ತದೆ. ಅದನ್ನು ಸೋಸಿ ಬಾವಿಗೆ ಬಿಡಿ. ಚರಂಡಿ ನೀರು ಮಾತ್ರ ಸುತರಾಂ ಸೇರಬಾರದು. ಮೊದಲು ಏರುವುದು ಮೇಲ್ಪದರದ ನೀರು. ಬೋರ್‌ವೆಲ್ ನೀರೆತ್ತುವ ಸಾವಿರ ಅಡಿ ಆಳದ ಬಂಡೆಯ ಬಿರುಕಿಗೆ ಅದು ಇಳಿಯಲು ವರ್ಷಗಳೇ ಹಿಡಿದಾವು.