ಹಾಲಿಳಿಯದ ಬಾಣಂತನದ ಹಿಂದೆ

ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಜೀವ ಉಳಿದದ್ದೇ ಹೆಚ್ಚು. ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತ್ಯ ಏನೆಲ್ಲ ತಿನ್ನಿಸಿದರೂ ಎದೆಗೆ ಹಾಲಿಳಿಯಲಿಲ್ಲ. ಮಗು ಹಸುವಿನ ಹಾಲಿನಲ್ಲೇ ಬೆಳೆಯಿತು. ಮುಟ್ಟೂ ಮತ್ತೆ ಬರಲಿಲ್ಲ. 'ಅವಳ ಬಾಣಂತನ ಸರಿಯಾಗಲಿಲ್ಲ' ಎಂದು ಊರವರು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಇಂಥ ಕಥೆಗಳಲ್ಲಿ ಕೆಲವಕ್ಕೆ ವೈದ್ಯಕೀಯದಲ್ಲಿ ಹೆಸರಿದೆ: ಶೀಹಾನ್ ಸಿಂಡ್ರೋಮ್.

ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಥೈರಾಯ್ಡ್, ಅಡ್ರಿನಲ್, ಅಂಡಾಶಯಗಳೆಲ್ಲ ಅದರ ಸೂಚನೆಯಂತೆ ನಡೆಯುತ್ತವೆ. ಎದೆಹಾಲು ತರಿಸುವ ಕೋಶಗಳು ಬಸಿರಿನಲ್ಲಿ ಹೆಚ್ಚುವುದರಿಂದ ಗ್ರಂಥಿ ಹಿಗ್ಗುತ್ತದೆ, ಅದಕ್ಕೆ ಬೇಕಾದ ರಕ್ತವೂ ಹೆಚ್ಚುತ್ತದೆ. ಆ ಹೊತ್ತಿನಲ್ಲೇ ರಕ್ತಸ್ರಾವವಾಗಿ ಬಿಪಿ ಕುಸಿದರೆ ಗ್ರಂಥಿಯ ಮುಂಭಾಗ ಸಾಯಬಹುದು. ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞರಾಗಿದ್ದ ಹೆರಾಲ್ಡ್ ಶೀಹಾನ್ ಇದನ್ನು 1937ರಲ್ಲಿ ವಿವರಿಸಿದರು.

ಪತ್ತೆಯಾಗಲು ಹತ್ತು, ಇಪ್ಪತ್ತು ವರ್ಷ ಹಿಡಿಯುವುದುಂಟು. ಯಾಕೆಂದರೆ ಒಂದೊಂದು ಲಕ್ಷಣಕ್ಕೂ ಮನೆಯಲ್ಲಿ ಒಂದೊಂದು ಕಾರಣ ಸಿದ್ಧವಿರುತ್ತದೆ. ಸುಸ್ತಾದರೆ ರಕ್ತ ಕಮ್ಮಿ, ಚಳಿ ತಡೆಯದಿದ್ದರೆ ಬಾಣಂತನದಲ್ಲಿ ಶೀತವಾಗಿತ್ತು, ಮುಟ್ಟು ನಿಂತರೆ ಬೇಗ ನಿಂತಿತು, ಅಷ್ಟೆ. ಕಂಕುಳ ಕೂದಲು ಉದುರಿದ್ದನ್ನು ಯಾವ ಹೆಣ್ಣೂ ತಾನಾಗಿ ಡಾಕ್ಟರರ ಮುಂದೆ ಹೇಳುವುದಿಲ್ಲ. ಹೆಂಗಸಿಗೆ ಸುಸ್ತು ಸಹಜವೆಂದು ನಾವೆಲ್ಲ ಒಪ್ಪಿಕೊಂಡು ಕೂತಿರುವುದೇ ಈ ರೋಗಕ್ಕೆ ಸಿಕ್ಕಿರುವ ಅತಿದೊಡ್ಡ ಮರೆ ಎಂದು ನನಗನ್ನಿಸುತ್ತದೆ.

ಲ್ಯಾಬೂ ದಾರಿ ತಪ್ಪಿಸಬಹುದು. ಥೈರಾಯ್ಡ್ ಪರೀಕ್ಷೆಯೆಂದು ಬರೀ ಟಿಎಸ್‌ಎಚ್ ನೋಡಿದರೆ ಅದು ಎಷ್ಟೋ ಸಲ ನಾರ್ಮಲ್ ಎಂದೇ ಬರುತ್ತದೆ. ಯಾಕೆಂದರೆ ಥೈರಾಯ್ಡ್‌ಗೆ ಸೂಚನೆ ಕೊಡುವ ಟಿಎಸ್‌ಎಚ್ ತಯಾರಾಗುವುದು ಕೆಟ್ಟುಹೋದ ಆ ಪಿಟ್ಯುಟರಿಯಲ್ಲೇ. ಜೊತೆಗೆ ಟಿ4, ಬೆಳಗಿನ ಕಾರ್ಟಿಸಾಲ್ ನೋಡಿದಾಗ ನಿಜ ತಿಳಿಯುತ್ತದೆ. ಹಾಗಾಗದೆ, ಒಂದು ದಿನ ವಾಂತಿ ಭೇದಿಯಾಗಿ, ಸೋಡಿಯಂ ಕುಸಿದು, ಎಚ್ಚರ ತಪ್ಪಿ ಐಸಿಯು ಸೇರಿದ ಮೇಲೆ ರೋಗ ಸಿಕ್ಕವರೂ ಇದ್ದಾರೆ. ಎಂಆರ್‌ಐ ಮಾಡಿದರೆ ಗ್ರಂಥಿ ಇರಬೇಕಾದ ಗುಳಿ ಬಹುತೇಕ ಖಾಲಿ. 'ಕೊನೆಯ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ, ಹಾಲು ಬಂತಾ, ಮುಟ್ಟು ಬಂತಾ?' ಎಂದು ಯಾರಾದರೂ ಮೊದಲೇ ಕೇಳಿದ್ದರೆ ಅನುಮಾನ ಅಲ್ಲೇ ಮೂಡುತ್ತಿತ್ತು.

ಅಪರೂಪದ ಕಾಯಿಲೆಯೆಂಬ ಪಟ್ಟ ಸಿಕ್ಕಿದ್ದು ಹೆರಿಗೆ ಕೋಣೆಯ ಪಕ್ಕದಲ್ಲೇ ರಕ್ತ ಸಿಗುವ ಶ್ರೀಮಂತ ದೇಶಗಳ ಲೆಕ್ಕದಿಂದ. ಕಾಶ್ಮೀರ ಕಣಿವೆಯ ಅಧ್ಯಯನವೊಂದು 2005ರಲ್ಲಿ, 20 ದಾಟಿದ ಹೆಂಗಸರಲ್ಲಿ ಸುಮಾರು ಶೇ 3ರಷ್ಟು ಮಂದಿಗೆ ಇದಿದೆಯೆಂದು ಅಂದಾಜಿಸಿತು. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮನೆಯಲ್ಲೇ ಹೆತ್ತವರು.

ಚಿಕಿತ್ಸೆ ದುಬಾರಿಯದಲ್ಲ: ಹೈಡ್ರೋಕಾರ್ಟಿಸೋನ್ ಅಥವಾ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಕ್ರಮ ಮಾತ್ರ ತಪ್ಪಬಾರದು. ಸ್ಟೀರಾಯ್ಡ್ ಕೊಡದೆ ಥೈರಾಕ್ಸಿನ್ ಶುರುಮಾಡಿದರೆ ಪ್ರಾಣಕ್ಕೇ ಕುತ್ತು. ಮಾತ್ರೆ ಹೊಟ್ಟೆಗೆ ಬಿದ್ದ ಕೆಲವೇ ದಿನಗಳಲ್ಲಿ ಹಸಿವು, ಚೈತನ್ಯ ಮರಳುತ್ತದೆ. ಅಷ್ಟರಲ್ಲಿ ಯಾರೋ 'ಸ್ಟೀರಾಯ್ಡಾ? ನಿಲ್ಲಿಸು' ಅನ್ನುತ್ತಾರೆ. ದೇಹದಲ್ಲಿ ಇಲ್ಲದ್ದನ್ನಷ್ಟೇ ತುಂಬಿಕೊಡುವ ಈ ಮಾತ್ರೆ ಜೀವನಪೂರ್ತಿ ಬೇಕು. ಜ್ವರ ಬಂದಾಗ ಡಾಕ್ಟರ್ ಹೇಳಿಕೊಟ್ಟಂತೆ ಎರಡು, ಮೂರು ಪಟ್ಟು ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್ ಕೊಡಿಸಬೇಕು. ಇದು ಗಂಡನಿಗೆ, ಮಕ್ಕಳಿಗೆ, ಊರಿನ ಆಶಾ ಕಾರ್ಯಕರ್ತೆಗೂ ಗೊತ್ತಿರಬೇಕು, ಏಕೆಂದರೆ ಆ ಹೊತ್ತಿಗೆ ಹೇಳುವ ಶಕ್ತಿ ಆಕೆಗೇ ಇರುವುದಿಲ್ಲ.