ತೆಳುವಾಗುವ ಜಡೆಯೂ ಊಟದ ಮೇಲಿನ ಕಾಫಿಯೂ

ಸದಸ್ಯ ಬಾಂಧವರಲ್ಲಿ ಮೊದಲೇ ಒಂದು ಅರಿಕೆ. ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ, ಅದೂ ಸಂಘದ ಕಾರ್ಯದರ್ಶಿಯಾದವರು, ಕಾಫಿ ಕುಡಿಯುವ ಹೊತ್ತನ್ನು ಬದಲಿಸಿಕೊಳ್ಳಿ ಎಂದು ಬರೆಯುವುದು ಕೆಲವರಿಗೆ ಸರಿಕಾಣದೆ ಹೋಗಬಹುದು. ಕುಡಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಪೂರ್ತಿ ಓದಿ, ಬೈಯುವುದಿದ್ದರೆ ಆಮೇಲೆ ಬೈಯಿರಿ.

ನಮ್ಮ ತೋಟಕ್ಕೆ ಕೆಲವು ವರ್ಷಗಳಿಂದ ಹಣ್ಣು ಕೊಯ್ಲಿನ ಕಾಲಕ್ಕೆ ವಿಜಯಪುರ ಜಿಲ್ಲೆಯ ಜನ ಬರುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಬರೆದುಕೊಳ್ಳುತ್ತೇವೆ. ಹಿಂಗಾರಿ ಜೋಳ ಬಿತ್ತಿ, ದೀಪಾವಳಿ ಮುಗಿಸಿ ಬರುವವರು ಯುಗಾದಿಯ ಹೊತ್ತಿಗೆ ಊರು ಸೇರಿಕೊಳ್ಳುತ್ತಾರೆ. ಹೆಂಗಸರೇ ಹೆಚ್ಚು. ಎರಡು ವರ್ಷಗಳ ಹಿಂದೆ ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು, ಸುಮಾರು ಮೂವತ್ತರ ಪ್ರಾಯದಾಕೆ, ಚೀಲ ತೂಗುವ ಜಾಗದಲ್ಲಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬೆವರು ಒರೆಸಿಕೊಂಡಳು. ಬೈತಲೆ ಎರಡು ಬೆರಳಗಲ ಬಿಟ್ಟುಕೊಂಡು ನೆತ್ತಿಯೇ ಕಾಣುತ್ತಿತ್ತು. ನಾವು ನೋಡಿದ್ದನ್ನು ಕಂಡು ಆಕೆ ಥಟ್ಟನೆ ಸೆರಗು ಎಳೆದುಕೊಂಡಳು. ಜೊತೆಯಲ್ಲಿದ್ದ ಹಿರಿಯಳು ಮಾತ್ರ ಸುಮ್ಮನಿರಲಿಲ್ಲ. “ನಿಮ್ಮ ಮಲೆನಾಡಿನ ನೀರು ನಮಗ ಆಗಿ ಬರಂಗಿಲ್ಲ ಬಿಡ್ರೀ, ಇಲ್ಲಿಗಿ ಬಂದ್ರ ಕೂದಲ ಉದುರತಾವ” ಎಂದಳು.

ಮನೆಗೆ ಬಂದರೆ ನಮ್ಮ ಮನೆಯವರದೂ ಅದೇ ದೂರು. ಬಚ್ಚಲ ಜಾಲರಿಯಲ್ಲಿ ದಿನವೂ ಕೂದಲ ಉಂಡೆ. ಅವರು ದೂರುತ್ತಿದ್ದುದೂ ನೀರನ್ನೇ. ಕೆರೆ ನೀರು ಬಿಟ್ಟು ಕೊಳವೆ ಬಾವಿಯ ನೀರು ಬಂದಮೇಲೆ ಹೀಗಾಯಿತು ಎನ್ನುತ್ತಿದ್ದರು. ಎಣ್ಣೆಗಳ ಶೀಸೆಗಳು ಕಿಟಕಿಯಲ್ಲಿ ಸಾಲುಗಟ್ಟಿದ್ದವು. ಒಬ್ಬಾಕೆ ಜೋಳದ ರೊಟ್ಟಿಯ ನಾಡಿನವಳು, ಮತ್ತೊಬ್ಬರು ಅನ್ನ-ಸಾರಿನ ಮನೆಯವರು. ಇಬ್ಬರ ತಲೆಗೂ ಒಂದೇ ರೋಗ ಹೇಗೆ ಬಂದೀತು ಎಂದು ವಿಚಾರಿಸುತ್ತ ಹೋದಾಗ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳಷ್ಟು ವಿಶ್ರಾಂತಿ ಪಡೆದು ಉದುರುತ್ತದೆ; ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಆದ್ದರಿಂದ ದಿನಕ್ಕೆ ಐವತ್ತರಿಂದ ನೂರು ಕೂದಲು ಬಿದ್ದರೆ ಗಾಬರಿಪಡಬೇಕಾದ್ದಿಲ್ಲ. ಆದರೆ ಕೂದಲ ಬುಡದ ಕಣಗಳು ದೇಹದಲ್ಲೇ ಅತಿ ವೇಗವಾಗಿ ವೃದ್ಧಿಯಾಗುವಂಥವು, ಅವಕ್ಕೆ ಎಡೆಬಿಡದೆ ಸಾರ ಬೇಕು. ದೇಹಕ್ಕೆ ಕೊರತೆ ಬಿದ್ದಾಗ ಹೃದಯ, ಮಿದುಳುಗಳಿಗೆ ಮೊದಲ ಪಾಲು. ಕೂದಲಿಗೆ ಕೊಡದಿದ್ದರೂ ಜೀವಕ್ಕೇನೂ ಆಗುವುದಿಲ್ಲವಾದ್ದರಿಂದ ಅಲ್ಲಿಯ ಖರ್ಚನ್ನು ಅದು ಮೊದಲು ಕಡಿತ ಮಾಡುತ್ತದೆ. ಮೈತುಂಬ ಕಾಯಿ ಹೊತ್ತ ಅರೇಬಿಕಾ ಗಿಡ ಗೊಬ್ಬರ ಸಾಲದಿದ್ದರೆ ಎಲೆ ಚೆಲ್ಲಿ ರೆಂಬೆ ಒಣಗಿಸಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಹೆರಿಗೆಯಾದ ಬಾಣಂತಿಗೆ, ಟೈಫಾಯ್ಡ್ ಮಲಗಿ ಎದ್ದವಳಿಗೆ, ಉಪವಾಸ ಮಾಡಿ ಮೈ ಇಳಿಸಿದವಳಿಗೆ ಆಗುವುದೂ ಬಹುಮಟ್ಟಿಗೆ ಅದೇ. ಈ ಬಗೆಯ ಉದುರುವಿಕೆಯನ್ನು ಗುರುತಿಸಿ ಅದಕ್ಕೊಂದು ಹೆಸರಿಟ್ಟವರು ಅಮೆರಿಕದ ಚರ್ಮವೈದ್ಯ ಕ್ಲಿಗ್‌ಮನ್, 1961ರಲ್ಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪೆಟ್ಟು ಬಿದ್ದ ದಿನ ಕೂದಲು ಉದುರುವುದಿಲ್ಲ. ಪೆಟ್ಟು ಬಿದ್ದಾಗ ಅವು ಒಟ್ಟಾಗಿ ವಿಶ್ರಾಂತಿಗೆ ಹೋಗುತ್ತವೆ. ಬೀಳುವುದು ಎರಡು ಮೂರು ತಿಂಗಳ ಮೇಲೆ. ಅಂದಮೇಲೆ ಡಿಸೆಂಬರಿನಲ್ಲಿ ನಮ್ಮ ತೋಟದಲ್ಲಿ ಉದುರಿದ ಕೂದಲಿನ ಕಾರಣವನ್ನು ಸಿಂದಗಿಯ ಸೆಪ್ಟೆಂಬರಿನಲ್ಲಿ ಹುಡುಕಬೇಕು: ಆಕೆಗೆ ಬಂದುಹೋದ ಜ್ವರ, ಮಳೆ ಕೈಕೊಟ್ಟ ವರ್ಷದ ಅರೆಹೊಟ್ಟೆ. ಹಾಗೆಯೇ ನಮ್ಮ ತೋಟದಲ್ಲಿ ಮಾರ್ಚಿಯವರೆಗೆ ಅವರು ಉಂಡದ್ದರ, ಉಣ್ಣದ್ದರ ಫಲ ಕಾಣುವುದು ಮೇ ತಿಂಗಳಲ್ಲಿ, ಅವರ ಊರಿನಲ್ಲಿ. ಅಲ್ಲಿಯವರು ಇಲ್ಲಿಯ ನೀರನ್ನೂ ಇಲ್ಲಿಯವರು ಅಲ್ಲಿಯ ಬಿಸಿಲನ್ನೂ ದೂರುತ್ತ ಕುಳಿತರೆ ಲೆಕ್ಕ ಎಂದೂ ತಾಳೆಯಾಗದು.

ಈ ಕೊರತೆಗಳಲ್ಲಿ ನಮ್ಮ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಕಬ್ಬಿಣದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇಕಡಾ 57, ಕರ್ನಾಟಕದಲ್ಲಿ ಸುಮಾರು 48. ಅಂದರೆ ಕಣದಲ್ಲಿ ಕಾಫಿ ಹರಡುವ ಇಬ್ಬರಲ್ಲಿ ಒಬ್ಬಳು. ತಿಂಗಳು ತಿಂಗಳೂ ರಕ್ತ ಹೋಗುವುದರಿಂದ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕಾದರೆ ಹೆಂಗಸಿಗೆ 29 ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಗೊತ್ತುಮಾಡಿದೆ. ನಮ್ಮ ಮನೆಗಳಲ್ಲಿ ತಿನ್ನುವ ಕ್ರಮ ಇದಕ್ಕೆ ತೀರ ತಿರುವುಮುರುವು, ಕೊನೆಗೆ ಉಣ್ಣುವವರಿಗೆ ಕೊನೆಯ ಪಾಲು. ಆ ವಿಷಯ ಬರೆಯಹೊರಟರೆ ಬೇರೆಯೇ ಲೇಖನವಾದೀತು.

ಆದರೆ ತಿಂದದ್ದೆಲ್ಲ ಮೈಗೆ ಸೇರುವುದಿಲ್ಲ. ಜೀರ್ಣಕ್ರಿಯೆಯ ಮಾತು ಬರುವುದು ಇಲ್ಲಿಯೇ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಜಠರದ ಆಮ್ಲ ಕರಗಿಸಿಕೊಡಬೇಕು, ಸಣ್ಣ ಕರುಳಿನ ಮೊದಲ ತುಂಡು ಅದನ್ನು ಹೀರಬೇಕು. ಎಲ್ಲ ಸರಿಯಿದ್ದಾಗಲೂ ನೂರಕ್ಕೆ ಐದರಿಂದ ಹತ್ತು ಪಾಲು ಒಳಗೆ ಹೋದರೆ ಹೆಚ್ಚು. ಈ ಇಕ್ಕಟ್ಟಿನ ದಾರಿಗೆ ಅಡ್ಡ ಬರುವ ಒಂದು ವಸ್ತು ಅಡಿಕೆ ಬೆಳೆಗಾರರಾದ ನಮಗೆ ಚಿರಪರಿಚಿತ. ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಅಲಗು, ಸುಲಿಯುವವರ ಬೆರಳು ಕರ್ರಗಾಗುವುದನ್ನು ನೋಡಿಲ್ಲವೇ? ಅಡಿಕೆಯ ಚೊಗರು ಕತ್ತಿಯ ಕಬ್ಬಿಣವನ್ನು ಹಿಡಿದುಕೊಂಡು ಬಿಡಲಾರದೆ ಕಪ್ಪಾಗುವ ಬಗೆ ಅದು. ಚಹಾದಲ್ಲಿ, ಕಾಫಿಯಲ್ಲಿ ಇರುವುದೂ ಚೊಗರಿನ ಜಾತಿಗೇ ಸೇರಿದ ವಸ್ತುಗಳು. ಊಟದ ಜೊತೆ ಅವು ಹೊಟ್ಟೆ ಸೇರಿದರೆ ಅನ್ನದ, ಬೇಳೆಯ, ಸೊಪ್ಪಿನ ಕಬ್ಬಿಣವನ್ನು ಹೀಗೆಯೇ ಹಿಡಿದುಕೊಂಡು ಮಲದೊಂದಿಗೆ ಹೊರಗೆ ಒಯ್ಯುತ್ತವೆ.

ಎಷ್ಟರಮಟ್ಟಿಗೆ ಎಂಬುದನ್ನು ಅಳೆದು ನೋಡಿದ್ದಾರೆ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಟದ ಜೊತೆ ಒಂದು ಬಟ್ಟಲು ಕಾಫಿ ಕುಡಿದವರಲ್ಲಿ ಕಬ್ಬಿಣ ಹೀರುವಿಕೆ ಶೇಕಡಾ 39ರಷ್ಟು ಇಳಿಯಿತು. ಚಹಾ ಕುಡಿದವರಲ್ಲಿ ಶೇಕಡಾ 64ರಷ್ಟು. (ಚಹಾದವರು ನಮಗಿಂತ ಮುಂದಿದ್ದಾರೆ ಎಂದು ಸಮಾಧಾನಪಟ್ಟುಕೊಳ್ಳಬಹುದು.) ಊಟಕ್ಕೆ ಒಂದು ತಾಸು ಮೊದಲು ಕುಡಿದ ಕಾಫಿಯಿಂದ ಏನೂ ನಷ್ಟವಾಗಲಿಲ್ಲ. ಊಟವಾಗಿ ಒಂದು ತಾಸಿನ ಮೇಲೆ ಕುಡಿದದ್ದು ಮಾತ್ರ ಊಟದ ಜೊತೆ ಕುಡಿದಷ್ಟೇ ಕೆಡಿಸಿತು.

ಇದನ್ನು ಓದಿದ ದಿನ ನಮಗೆ ನಿಜಕ್ಕೂ ಮುಖ ತೋರಿಸಲಾಗಲಿಲ್ಲ. ಏಕೆಂದರೆ ಹನ್ನೆರಡು ವರ್ಷಗಳಿಂದ ನಮ್ಮ ತೋಟದಲ್ಲಿ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ಹಂಡೆಯಲ್ಲಿ ಬೆಲ್ಲದ ಕಾಫಿ ಬರುತ್ತಿತ್ತು. ಆಳುಗಳಿಗೆ ಪುಕ್ಕಟೆ ಕಾಫಿ ಕೊಡುವ ತೋಟವೆಂದು ಹೆಸರೂ ಇತ್ತು, ನಮಗೆ ಅದರ ಹೆಮ್ಮೆಯೂ ಇತ್ತು. ಮನೆಯಲ್ಲಿ ನಮ್ಮವರು ಕಬ್ಬಿಣದ ಮಾತ್ರೆಯನ್ನು ನುಂಗುತ್ತಿದ್ದುದು ಬೆಳಗಿನ ಡಿಕಾಕ್ಷನ್ ಕಾಫಿಯ ಜೊತೆಗೇ! ಮಾತ್ರೆಗೂ ದುಡ್ಡು, ಕಾಫಿಗೂ ದುಡ್ಡು, ಎರಡೂ ಸೇರಿ ಬಚ್ಚಲಿಗೆ.

ತೋಟ ಇನ್ನೊಂದು ಬಗೆಯಲ್ಲೂ ಇದಕ್ಕೆ ಕಾರಣವಾಗುತ್ತದೆ. ನೆರಳು, ತೇವ, ಮೆತ್ತನೆ ಮಣ್ಣು ಕೊಕ್ಕೆಹುಳುವಿಗೆ ಬಲು ಹಿತ. ಬಯಲಿಗೆ ಹೋಗುವ ಕಡೆ ಅದರ ಮರಿಗಳು ಮಣ್ಣಿನಲ್ಲಿದ್ದು ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಇಂಡಿ, ಸಿಂದಗಿಯ ಒಣ ಎರೆಹೊಲದಲ್ಲಿ ಬರಿಗಾಲಲ್ಲಿ ಓಡಾಡಿದವರು ನಮ್ಮ ತೋಟದ ತೇವದಲ್ಲೂ ಹಾಗೆಯೇ ಓಡಾಡುತ್ತಾರೆ. ಇಲ್ಲಿ ಬೈಯಬೇಕಾದ್ದು ಅವರನ್ನಲ್ಲ. ಲೈನಿಗೆ ಕಕ್ಕಸು, ಕಾಲಿಗೆ ಚಪ್ಪಲಿ ಒದಗಿಸುವುದು ನಮ್ಮ ಕೆಲಸ. ಒಂದರಿಂದ 19 ವರ್ಷದ ಮಕ್ಕಳಿಗೆ 2015ರಿಂದ ಸರ್ಕಾರವೇ ಜಂತುಹುಳು ನಿವಾರಣಾ ದಿನ ಮಾಡಿ ಮಾತ್ರೆ ಕೊಡುತ್ತಿದೆ. ದೊಡ್ಡವರು ಕೇಳಿ ಪಡೆಯಬೇಕು, ಬಸುರಿಯರಂತೂ ವೈದ್ಯರನ್ನು ಕೇಳದೆ ನುಂಗಬಾರದು.

ಇಂಡಿ ಎಂದಮೇಲೆ ಲಿಂಬೆಯ ಮಾತು ಬಾರದಿರುತ್ತದೆಯೇ? ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೇ ಆ ಊರಿನಲ್ಲಿ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಚೊಗರು ಬಾಗಿಲು ಮುಚ್ಚಿದರೆ ಲಿಂಬೆ ತೆರೆಯುತ್ತದೆ. ಅದರ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ; ಅದೇ ಅನ್ನ, ಅದೇ ಬೇಳೆಯಿಂದ ಎರಡು ಮೂರು ಪಟ್ಟು ಹೆಚ್ಚು ಕಬ್ಬಿಣ ದಕ್ಕಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಆದರೆ ಒಲೆಯ ಮೇಲೆ ಕುದಿಯುವ ಸಾರಿಗೆ ಹಿಂಡಿದರೆ ಆ ಸತ್ವ ಬಹುಪಾಲು ನಾಶವಾಗುತ್ತದೆ. ಎಲೆಗೆ ಬಡಿಸಿದ ಮೇಲೆ ಹಿಂಡಬೇಕು.

ಆ ಸೀಮೆಯ ಊಟವನ್ನು ನೋಡಿದರೆ ಹಿರಿಯರು ಈ ಲೆಕ್ಕವನ್ನು ಬಲ್ಲವರಂತೆಯೇ ಕಾಣುತ್ತದೆ. ಜೋಳದಲ್ಲಿ ಕಬ್ಬಿಣ ಇದೆ, ಅದನ್ನು ಕಟ್ಟಿಹಾಕುವ ಫೈಟೇಟ್ ಎಂಬ ವಸ್ತುವೂ ಇದೆ. ಆದರೆ ರೊಟ್ಟಿಯ ಮಗ್ಗುಲಲ್ಲಿ ಹಸಿ ಮೆಂತ್ಯೆ, ಹಕ್ಕರಿಕೆ ಸೊಪ್ಪು, ಉಳ್ಳಾಗಡ್ಡಿ, ಹುಳಿಯಾದ ಪುಂಡಿಪಲ್ಯೆ, ಗುರೆಳ್ಳಿನ ಚಟ್ನಿ ಇರುತ್ತವೆ. ತೋಟಕ್ಕೆ ಬಂದಾಗ ಇವೆಲ್ಲ ಅಲ್ಲಿಯೇ ಉಳಿದು, ಪಡಿತರದ ಅಕ್ಕಿ ಮತ್ತು ನೀರು ಸಾರು ಮಾತ್ರ ಉಳಿಯುತ್ತವೆ. ಅದರ ಮೇಲೆ ನಮ್ಮ ಪುಕ್ಕಟೆ ಕಾಫಿ.

ಕೂದಲು ಉದುರುವುದಕ್ಕೆಲ್ಲ ಕಬ್ಬಿಣವೇ ಕಾರಣ ಎಂದು ಯಾರೂ ತಿಳಿಯಬಾರದು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತರೆ ದೇಹದ ಚಯಾಪಚಯವೇ ನಿಧಾನವಾಗುತ್ತದೆ: ಮಲಬದ್ಧತೆ, ಮೈ ಭಾರ, ಚಳಿ ತಡೆಯದಿರುವುದು, ಒಣ ಕೂದಲು, ಹುಬ್ಬಿನ ಹೊರತುದಿ ತೆಳುವಾಗುವುದು ಇದರ ಗುರುತುಗಳು. ಎಳೆಯ ವಯಸ್ಸಿನಲ್ಲೇ ಮುಟ್ಟು ತಪ್ಪಿ, ಗಲ್ಲದ ಮೇಲೆ ರೋಮ ಬೆಳೆದು, ನೆತ್ತಿ ತೆಳುವಾದರೆ ಅಂಡಾಶಯದ, ಇನ್ಸುಲಿನ್ನಿನ ತೊಂದರೆ ಇರಬಹುದು. ವಂಶಪಾರಂಪರ್ಯವಾಗಿ ಬೈತಲೆ ಅಗಲವಾಗುವುದೂ ಉಂಟು. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವವರಲ್ಲಿ ಜಠರದ ಆಮ್ಲ ಕುಗ್ಗಿ ಕಬ್ಬಿಣ, ಬಿ-12 ಎರಡೂ ಸರಿಯಾಗಿ ದಕ್ಕುವುದಿಲ್ಲ. ಇನ್ನು ಅಂಗಡಿಗಳಲ್ಲಿ ಕೂದಲಿಗೆಂದು ಮಾರುವ ಬಯೋಟಿನ್ ಮಾತ್ರೆಯ ಕೊರತೆ ನಮ್ಮಲ್ಲಿ ಅಪರೂಪ; ಅದನ್ನು ನುಂಗಿ ರಕ್ತ ಕೊಟ್ಟರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ತಪ್ಪಾಗಿ ಬರುವುದುಂಟು.

ಹಾಗಾಗಿ ಮೊದಲು ರಕ್ತಪರೀಕ್ಷೆ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಅದು ಸರಿಯಿದ್ದರೂ ಮೈಯೊಳಗಿನ ದಾಸ್ತಾನು ಖಾಲಿಯಾಗಿರಬಹುದು. ಫೆರಿಟಿನ್ ಎಂಬ ಪರೀಕ್ಷೆ ಅದನ್ನು ತೋರಿಸುತ್ತದೆ. ನಮ್ಮ ಮನೆಯವರದು ಹೀಗೆಯೇ ಇತ್ತು, ಪೇಟೆ ತುಂಬಿ ಕಾಣುತ್ತಿದ್ದರೂ ಉಗ್ರಾಣ ಬರಿದು. ಸಿಂದಗಿಯ ಹೆಣ್ಣುಮಗಳದು ಎಂಟೂ ಚಿಲ್ಲರೆ. ಹಸಿ ಅಕ್ಕಿ ತಿನ್ನುವ ಚಪಲ ಇದೆಯೇ ಎಂದು ಡಾಕ್ಟರು ಕೇಳಿದಾಗ ಆಕೆ ನಕ್ಕು ತಲೆ ತಗ್ಗಿಸಿದಳಂತೆ. ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಕಬ್ಬಿಣ ನುಂಗುವುದೂ ಸಲ್ಲದು, ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಮಾತ್ರೆ ಶುರುಮಾಡಿದ ಮೇಲೆ ತಾಳ್ಮೆ ಬೇಕು. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರು. ಹೂಮಳೆ ಬಿದ್ದ ವಾರವೇ ಯಾರೂ ಹಣ್ಣು ಕೊಯ್ಯುವುದಿಲ್ಲವಷ್ಟೆ.

ಕಳೆದ ಕೊಯ್ಲಿನಿಂದ ನಮ್ಮ ತೋಟದಲ್ಲಿ ಕಾಫಿಯ ಹಂಡೆ ಹನ್ನೊಂದು ಗಂಟೆಗೆ ಬರುತ್ತದೆ, ಊಟ ಒಂದು ಗಂಟೆಗೆ. ಎರಡನೆಯ ಕಾಫಿ ಸಂಜೆ ತೂಕ ಮುಗಿದ ಮೇಲೆ. ಮೊದಲ ವಾರ ಗೊಣಗಿದರು. ಊಟದ ಹೊತ್ತಿಗೆ ಈಗ ಲಿಂಬೆ ಹೋಳು ಇಡುತ್ತೇವೆ. ಇಂಡಿಯಿಂದ ಬರುವ ಮೇಸ್ತ್ರಿ ಬರುವಾಗಲೇ ಒಂದು ಚೀಲ ಲಿಂಬೆ ತರುವಂತೆ ಮುಂಗಡ ಕೊಟ್ಟಿದ್ದೆವು, ಜನವರಿಯಲ್ಲಿ ಎರಡನೆಯ ಚೀಲ ತರಿಸಬೇಕಾಯಿತು. ಸಿಂದಗಿಯಾಕೆ ಈ ವರ್ಷವೂ ಬಂದಿದ್ದಾಳೆ. ತಲೆಗೆ ಬಟ್ಟೆ ಈಗಲೂ ಕಟ್ಟುತ್ತಾಳೆ, ಎಲ್ಲರೂ ಕಟ್ಟುವಂತೆ, ಇರುವೆಗಾಗಿ. ಕಾಫಿಪುಡಿಯ ಖರ್ಚು ಎಷ್ಟು ಕಡಿಮೆಯಾಯಿತು ಎಂದು ಕೇಳುವ ಸದಸ್ಯರಿಗೆ ಹೇಳಬೇಕಾದ್ದೆಂದರೆ, ಒಂದು ಕಿಲೋ ಕೂಡ ಕಡಿಮೆಯಾಗಿಲ್ಲ.