ಎರಡು ಪಾತ್ರ, ಒಂದೇ ಮುಖ

ಮಹಾಕಾವ್ಯವನ್ನು ಚಿತ್ರಪಟಕ್ಕೆ ಇಳಿಸುವವರು ಏನನ್ನು ಬಿಟ್ಟರೆಂಬುದು ನಮಗೆ ಬೇಗ ಕಾಣುತ್ತದೆ. ಏನನ್ನು ಕೂಡಿಸಿದರೆಂಬುದು ನಿಧಾನವಾಗಿ ಅರಿವಿಗೆ ಬರುತ್ತದೆ. ಮಾರಿಯೊ ಕಾಮೆರಿನಿ ನಿರ್ದೇಶಿಸಿ, 1954ರಲ್ಲಿ ತೆರೆಕಂಡ ‘ಯುಲಿಸಿಸ್’ ಎಂಬ ಇಟಾಲಿಯನ್ ಚಿತ್ರದ ವಿಷಯದಲ್ಲಿ ನನಗೆ ಹೀಗೆಯೇ ಆಯಿತು.

ಟ್ರಾಯ್ ಯುದ್ಧ ಮುಗಿದ ಮೇಲೆ ಸ್ವದೇಶವಾದ ಇಥಾಕಾಕ್ಕೆ ಮರಳಲು ಹತ್ತು ವರ್ಷ ಅಲೆದ ಯುಲಿಸಿಸನ ಕಥೆ ಹೋಮರನ ‘ಒಡಿಸ್ಸಿ’ಯ 24 ಸರ್ಗಗಳಲ್ಲಿ ಹರಡಿದೆ. ಚಿತ್ರದ ನಾಯಕ ಅಮೆರಿಕದ ನಟ ಕರ್ಕ್ ಡಗ್ಲಾಸ್. ಮನೆಯಲ್ಲಿ ಕಾದಿರುವ ಪತ್ನಿ ಪೆನೆಲೊಪಿಯಾಗಿಯೂ, ದ್ವೀಪದಲ್ಲಿ ಅವನನ್ನು ಹಿಡಿದಿಡುವ ಮಾಯಾವಿನಿ ಸರ್ಸಿಯಾಗಿಯೂ ಅಭಿನಯಿಸಿದವಳು ಒಬ್ಬಳೇ ನಟಿ, ಸಿಲ್ವಾನಾ ಮಂಗಾನೊ.

ಮೊದಲ ಸಲ ನೋಡಿದಾಗ ಇದು ತಾರೆಯ ಆಕರ್ಷಣೆಯನ್ನು ಇಮ್ಮಡಿಸುವ ಉಪಾಯವೆಂದೇ ನಾನು ಬಗೆದಿದ್ದೆ. ಸಾಲದುದಕ್ಕೆ, ಕಾವ್ಯದಲ್ಲಿ ಅಮರತ್ವದ ಆಸೆ ತೋರುವವಳು ಕ್ಯಾಲಿಪ್ಸೊ ಎಂಬ ಬೇರೊಬ್ಬ ದೇವಿ; ಚಿತ್ರದಲ್ಲಿ ಅದೂ ಸರ್ಸಿಯ ಪಾಲಿಗೆ ಬಂದಿದೆ. ಹೋಮರನ ಐದನೆಯ ಸರ್ಗದಲ್ಲಿ ನಾಯಕ ಕ್ಯಾಲಿಪ್ಸೊಗೆ ನೇರವಾಗಿ ಹೇಳಿಬಿಡುತ್ತಾನೆ: ತನ್ನ ಹೆಂಡತಿ ರೂಪದಲ್ಲಿ ಅವಳಿಗೆ ಸಾಟಿಯಲ್ಲ, ಸಾವಿಗೆ ಒಳಪಟ್ಟವಳು, ಆದರೂ ತನಗೆ ಮನೆಯೇ ಬೇಕು ಎಂದು. ಇಬ್ಬರಿಗೂ ಒಂದೇ ಮುಖವನ್ನಿಟ್ಟರೆ ಈ ತ್ಯಾಗದ ತೂಕವೇ ಕರಗಿಹೋಗದೆ ಎಂಬುದು ನನ್ನ ಆಕ್ಷೇಪವಾಗಿತ್ತು.

ಮತ್ತೊಮ್ಮೆ ನೋಡಿದಾಗ ಆ ಆಕ್ಷೇಪ ನಿಲ್ಲಲಿಲ್ಲ. ರೂಪ ಸಮನಾದ ಮೇಲೆ ತಕ್ಕಡಿಯಲ್ಲಿ ಉಳಿಯುವುದು ಒಂದೇ: ಮುಪ್ಪು. ಸರ್ಸಿಯ ಮುಖ ಎಂದಿಗೂ ಬಾಡದು. ಅದೇ ಮುಖ ಇಥಾಕಾದಲ್ಲಿ ಕಾದು ಕಾದು ಮುಪ್ಪಿನತ್ತ ಸಾಗಿದೆ. ಅವನನ್ನು ಉಳಿಸಿಕೊಳ್ಳಲೆಂದು ಸರ್ಸಿ ಸತ್ತ ವೀರರನ್ನು ಕರೆಸುತ್ತಾಳೆ. ಆ ನೆರಳುಗಳ ನಡುವೆ ಅವನ ತಾಯಿಯೂ ಬಂದು ನಿಲ್ಲುತ್ತಾಳೆ. ಸಾವೆಂದರೇನೆಂಬುದನ್ನು ಕಣ್ಣಾರೆ ಕಂಡ ಮೇಲೂ ಅವನು ಆರಿಸಿಕೊಳ್ಳುವುದು ಬಾಡುವ ಮುಖವನ್ನೇ.

ಚಿತ್ರದಲ್ಲಿ ಕುಂದುಗಳಿಲ್ಲದಿಲ್ಲ. ನಾಸಿಕಾಳ ನಾಡಿನ ದಡ ಸೇರಿದ ನಾಯಕನಿಗೆ ಇಲ್ಲಿ ತಾನಾರೆಂಬುದೇ ಮರೆತುಹೋಗಿರುತ್ತದೆ, ಹೋಮರನಲ್ಲಿ ಇದಿಲ್ಲ. ಮರೆವು ನಮ್ಮ ದುಷ್ಯಂತನಿಗೆ ಒಪ್ಪೀತು. ಮನೆಯ ನೆನಪೇ ಉಸಿರಾದವನಿಗೆ ಒಪ್ಪದು. ಆದರೂ ಕಾವ್ಯ ನಾಯಕನ ಬಾಯಿಂದ ಆಡಿಸಿದ್ದನ್ನು ಈ ಚಿತ್ರ ಒಂದು ಮುಖದಿಂದಲೇ ಹೇಳಿತೆಂಬುದಕ್ಕಾಗಿ ಅದರ ಕುಂದುಗಳನ್ನು ನಾನು ಮನ್ನಿಸಬಲ್ಲೆ. ಚಿತ್ರವನ್ನು ನೋಡಿದ ವಿದ್ಯಾರ್ಥಿಗಳು ಅಂದೇ ರಾತ್ರಿ ಆ ಐದನೆಯ ಸರ್ಗವನ್ನು ತೆರೆದು ಓದಲಿ. ಒಂದನ್ನೊಂದು ಅಲ್ಲಗಳೆಯುವಂತೆ ತೋರುವ ಈ ಎರಡು ಕೃತಿಗಳೂ ಒಂದೇ ಮನೆಯ ಬಾಗಿಲಿಗೆ ಬಂದು ಸೇರುತ್ತವೆ.